ಊರೂರಿಗೆ ಹಂಚಿದ ತಂಡ ಮತ್ತು ಅಜೈಲ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಒಂಬತ್ತು ಮಂದಿಯ ಸಾಫ್ಟ್‌ವೇರ್ ತಂಡ. ಐವರು ಬೆಂಗಳೂರಿನ ಕಚೇರಿಯಲ್ಲಿದ್ದಾರೆ. ನಾನೂ ಸೇರಿ ಮೂವರು ರಾಯಚೂರಿನಿಂದ, ಟೆಸ್ಟಿಂಗ್ ನೋಡಿಕೊಳ್ಳುವ ಒಬ್ಬರು ಬಳ್ಳಾರಿಯಿಂದ ಕೆಲಸ ಮಾಡುತ್ತೇವೆ. ಎರಡು ವಾರದ ಸ್ಪ್ರಿಂಟ್ (ಗೊತ್ತುಮಾಡಿದ ಕೆಲಸ ಮುಗಿಸುವ ಅವಧಿ), ದಿನವೂ ಸ್ಟ್ಯಾಂಡಪ್ (ತಂಡದ ಕಿರುಸಭೆ), ಎಲ್ಲವೂ ಪದ್ಧತಿಯಂತೆಯೇ ನಡೆಯುತ್ತದೆ. ಆದರೂ ಸೋಮವಾರ ಬೆಂಗಳೂರಿನಲ್ಲಿ ಚಹಾ ಕುಡಿಯುತ್ತ ಆದ ತೀರ್ಮಾನ ನಮಗೆ ತಿಳಿಯುವುದು ಗುರುವಾರ, ಬರೆದ ಕೋಡನ್ನು ಅಳಿಸಬೇಕಾಗಿ ಬಂದಾಗ. ಮುಖಾಮುಖಿ ಮಾತೇ ಮೇಲು ಎನ್ನುವ ಅಜೈಲ್, ಅಂದರೆ ಸಾಫ್ಟ್‌ವೇರನ್ನು ಸಣ್ಣ ಕಂತುಗಳಲ್ಲಿ ಕಟ್ಟುತ್ತ ಹೋಗುವ ಪದ್ಧತಿ, ನಮ್ಮಂಥ ತಂಡಕ್ಕೆ ಹೊಂದುತ್ತದೆಯೇ?
– ಓದುಗರು, ರಾಯಚೂರು

ಉತ್ತರ: ಹೊಂದುತ್ತದೆ. ಆದರೆ ಒಂದೇ ಕೋಣೆಯಲ್ಲಿ ಕುಳಿತವರಿಗೆ ತಾನಾಗಿ ಒದಗುವ ಅನುಕೂಲವನ್ನು ನೀವು ಬೇರೆ ದಾರಿಯಿಂದ ಕಟ್ಟಿಕೊಳ್ಳಬೇಕು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ರೂಪಿಸಿದ ಅಜೈಲ್ ಪ್ರಣಾಳಿಕೆಯ 12 ತತ್ವಗಳಲ್ಲಿ, ತಂಡಕ್ಕೆ ಮಾಹಿತಿ ಮುಟ್ಟಿಸಲು ಮುಖಾಮುಖಿ ಮಾತುಕತೆಯೇ ಅತ್ಯಂತ ಪರಿಣಾಮಕಾರಿ ಎಂಬುದೂ ಒಂದು. ಅದು ನಿಜವೇ. ಆದರೆ ಆ ಮಾತುಕತೆಗೆ ಕೆಲವರು ಮಾತ್ರ ಎದುರಿಗಿದ್ದು ಉಳಿದವರು ದೂರವಿದ್ದರೆ, ಎದುರಿಗಿದ್ದವರ ಅನುಕೂಲವೇ ದೂರದವರ ತೊಂದರೆಯಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಸಂಕಟವನ್ನು ನಿಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮುನಿರಾಬಾದಿನಲ್ಲಿ ನೀರು ಬಿಟ್ಟ ಮಾತ್ರಕ್ಕೆ ಮಾನ್ವಿಯ ಗದ್ದೆಗೆ ಅದು ಮುಟ್ಟಿತು ಎಂದಾಗುವುದಿಲ್ಲ. ನಿಮ್ಮ ತಂಡದಲ್ಲಿ ಮಾಹಿತಿಯ ಕೊನೆಭಾಗದಲ್ಲಿರುವವರು ನೀವು. ಆದ್ದರಿಂದ ಇಡೀ ತಂಡ ಒಪ್ಪಬೇಕಾದ ನಿಯಮವೊಂದಿದೆ: ಟಿಕೆಟ್‌ನಲ್ಲಿ (ಒಂದೊಂದು ಕೆಲಸಕ್ಕೂ ಇಡುವ, ತಂಡದ ಎಲ್ಲರೂ ನೋಡಬಹುದಾದ ಆನ್‌ಲೈನ್ ದಾಖಲೆಯಲ್ಲಿ) ಬರೆಯದ ತೀರ್ಮಾನ ಇನ್ನೂ ತೀರ್ಮಾನವಾಗಿಲ್ಲ. ಚಹಾದ ಹೊತ್ತಿನ ಚರ್ಚೆಯನ್ನು ನಿಲ್ಲಿಸಬೇಕಾಗಿಲ್ಲ. ಚಹಾ ಮುಗಿಸಿ ಕುರ್ಚಿಗೆ ಮರಳಿದವರು ಮೊದಲು ನಾಲ್ಕು ಸಾಲು ಬರೆಯಲಿ. ಉದಾಹರಣೆಗೆ: "ಬಿಲ್ಲಿನಲ್ಲಿ ರಿಯಾಯಿತಿಯನ್ನು ತೆರಿಗೆ ಲೆಕ್ಕ ಹಾಕುವ ಮೊದಲೇ ಕಳೆಯಬೇಕು. ಕ್ಲೈಂಟ್‌ನ ಲೆಕ್ಕಪತ್ರ ವಿಭಾಗ ಹೀಗೆಯೇ ಕೇಳಿದೆ. ಬಿಲ್ ಪುಟ ಮತ್ತು ತಿಂಗಳ ವರದಿ ಎರಡೂ ಬದಲಾಗುತ್ತವೆ. ಆಕ್ಷೇಪವಿದ್ದರೆ ಇಂದು ಸಂಜೆಯೊಳಗೆ ಇಲ್ಲಿಯೇ ಬರೆಯಿರಿ." ಇಷ್ಟು ಬರೆಯಲು ಐದು ನಿಮಿಷ ಸಾಕು, ನಿಮ್ಮ ಮೂರು ದಿನದ ದುಡಿಮೆ ಉಳಿಯುತ್ತದೆ. ಕಾರಣದ ಸಾಲನ್ನು ಮಾತ್ರ ಎಂದಿಗೂ ಬಿಡಬಾರದು. ಕಾರಣ ಗೊತ್ತಿದ್ದವರು ಮುಂದಿನ ಸಣ್ಣ ಪ್ರಶ್ನೆಗಳನ್ನು ತಾವೇ ಬಗೆಹರಿಸಿಕೊಳ್ಳುತ್ತಾರೆ.

ಸ್ಟ್ಯಾಂಡಪ್ ಬಗ್ಗೆ ನೀವು ಹೆಚ್ಚು ಹೇಳಿಲ್ಲ. ಬೆಂಗಳೂರಿನ ಐವರು ಒಂದೇ ಮೇಜಿನ ಸುತ್ತ, ಒಂದೇ ಮೈಕ್ ಇಟ್ಟುಕೊಂಡು ಕೂರುತ್ತಿದ್ದರೆ ಅದನ್ನು ಮೊದಲು ಬದಲಿಸಿ. ನಾನು ವರ್ಷಗಟ್ಟಲೆ ಬಳ್ಳಾರಿಯಿಂದ ಅಂಥ ಸಭೆಗಳಲ್ಲಿ ಕುಳಿತಿದ್ದೇನೆ: ಮೈಕ್ ಹತ್ತಿರದವರ ಮಾತು ಮಾತ್ರ ಸ್ಪಷ್ಟ, ಉಳಿದವರದು ಗೊಣಗಾಟ; ನಡುವೆ ಎಲ್ಲರೂ ನಗುತ್ತಾರೆ, ಏಕೆಂದು ನಮಗೆ ತಿಳಿಯುವುದಿಲ್ಲ, ಕೇಳಲು ಸಂಕೋಚ. ಒಬ್ಬರು ದೂರವಿದ್ದರೂ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್ ಮತ್ತು ಹೆಡ್‌ಸೆಟ್‌ನಿಂದಲೇ ಸೇರಲಿ. ಸಭೆಯ ಮಿತಿ 15 ನಿಮಿಷ. ನಿನ್ನೆ ಏನು, ಇಂದು ಏನು, ಅಡ್ಡಿ ಏನು ಎಂಬ ಮೂರು ಪ್ರಶ್ನೆಗಳನ್ನು, ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್‌ನ ಕೈಪಿಡಿ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯೇ ಕೈಬಿಟ್ಟಿದೆ. ಆ ವರದಿಯನ್ನು ಸಭೆಗೆ ಮೊದಲೇ ಬರೆದು ಹಾಕಿ, ಸಿಕ್ಕಿಬಿದ್ದ ಕೆಲಸದ ಬಗ್ಗೆ ಮಾತ್ರ ಮಾತಾಡಬಹುದು.

ಇದೆಲ್ಲಕ್ಕಿಂತ ಆಳದ ಪ್ರಶ್ನೆ ಕೆಲಸದ ಹಂಚಿಕೆಯದು. ಸಂಸ್ಥೆಯೊಂದು ರೂಪಿಸುವ ವ್ಯವಸ್ಥೆ ಆ ಸಂಸ್ಥೆಯೊಳಗಿನ ಸಂವಹನದ ರಚನೆಯನ್ನೇ ಹೋಲುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಸರ್ವರ್ ಭಾಗವನ್ನು ಬೆಂಗಳೂರಿಗೆ, ಬಳಕೆದಾರರು ನೋಡುವ ಪರದೆಗಳನ್ನು ರಾಯಚೂರಿಗೆ ಎಂದು ಹಂಚಿದರೆ ಪ್ರತಿಯೊಂದು ಸಣ್ಣ ಬದಲಾವಣೆಯೂ ಎರಡು ಊರುಗಳ ನಡುವೆ ಓಡಾಡಬೇಕಾಗುತ್ತದೆ. ಅದರ ಬದಲು ಬಿಲ್ಲಿಂಗ್‌ನಂಥ ಒಂದು ವಿಷಯವನ್ನು ಡೇಟಾಬೇಸ್‌ನಿಂದ ಪರದೆಯವರೆಗೆ ನಿಮ್ಮ ಮೂವರಿಗೇ ವಹಿಸುವಂತೆ ಕೇಳಿ. ಆಗ ದಿನದ ಹೆಚ್ಚಿನ ಮಾತುಕತೆ ರಾಯಚೂರಿನೊಳಗೇ ಮುಗಿಯುತ್ತದೆ. ಬಳ್ಳಾರಿಯವರನ್ನು ಸ್ಪ್ರಿಂಟ್‌ನ ಕೊನೆಗಲ್ಲ, ಯೋಜನೆಯ ದಿನವೇ ಕೂರಿಸಿಕೊಂಡು "ಮುಗಿಯಿತು" ಎಂದರೆ ಏನೆಂದು ಅವರ ಬಾಯಿಂದಲೇ ಹೇಳಿಸಿ, ಬರೆದಿಡಿ.

ಸಾಧ್ಯವಾದರೆ ಮೂರು ತಿಂಗಳಿಗೊಮ್ಮೆ ಒಂಬತ್ತು ಮಂದಿಯೂ ಒಂದೆಡೆ ಸೇರಿ. ಪ್ರತಿ ಸಲ ಬೆಂಗಳೂರೇ ಆಗಬೇಕಿಲ್ಲ. ಒಮ್ಮೆ ಅವರೂ ರಾಯಚೂರಿಗೆ ಬರಲಿ.

ಪ್ರಶ್ನೆ: ನಮ್ಮ ಕ್ಲೈಂಟ್ ನ್ಯೂಯಾರ್ಕ್‌ನವರು. ಅವರ ಬೆಳಿಗ್ಗೆ 9 ಗಂಟೆಯ ಸ್ಟ್ಯಾಂಡಪ್‌ಗಾಗಿ ಇಡೀ ತಂಡ ದಿನವೂ ಸಂಜೆ ಕಾಯುತ್ತದೆ. ಚಳಿಗಾಲದಲ್ಲಿ ಇನ್ನೂ ತಡ. ಏನು ಮಾಡಬಹುದು?
– ಓದುಗರು, ಕೊಪ್ಪಳ

ಉತ್ತರ: ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅವರ 9 ಗಂಟೆ ನಮಗೆ ಸಂಜೆ 6.30, ಉಳಿದ ತಿಂಗಳುಗಳಲ್ಲಿ 7.30. ದಿನದ ಸ್ಟ್ಯಾಂಡಪ್ ಇರುವುದು ಕೆಲಸ ಮಾಡುವವರಿಗಾಗಿ, ಅದಕ್ಕೆ ಕ್ಲೈಂಟ್ ಬರಲೇಬೇಕೆಂದಿಲ್ಲ. ಅದನ್ನು ಕೊಪ್ಪಳದ ಬೆಳಿಗ್ಗೆಗೆ ತನ್ನಿ. ಕ್ಲೈಂಟ್ ಜೊತೆ ವಾರಕ್ಕೆರಡು ಸಂಜೆ ಸಾಕು, ಅದಕ್ಕೂ ಸರದಿಯಂತೆ ಇಬ್ಬರೇ ಕುಳಿತು, ಕೇಳಿದ್ದನ್ನು ಅದೇ ರಾತ್ರಿ ಟಿಕೆಟ್‌ಗೆ ಹಾಕಲಿ. ಸ್ಪ್ರಿಂಟ್ ಕೊನೆಯಲ್ಲಿ ಮುಗಿದ ಕೆಲಸ ತೋರಿಸುವ ಸ್ಪ್ರಿಂಟ್ ರಿವ್ಯೂಗೆ ಮಾತ್ರ ಎಲ್ಲರೂ ಇರಬೇಕು. ಆ ದಿನ ಕೆಲಸ ಮಧ್ಯಾಹ್ನದಿಂದ ಶುರುವಾಗಲಿ ಎಂದು ಮೊದಲೇ ಒಪ್ಪಿಸಿಕೊಳ್ಳಿ.