ವಂಶವೃಕ್ಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯ ಹಿರಿಯರಿಗೆ ಹೆಸರುಗಳೆಲ್ಲ ನೆನಪಿವೆ, ಇಸವಿ ಮಾತ್ರ ಒಂದೂ ನೆನಪಿಲ್ಲ. ಹೇಗೆ ಮುಂದುವರಿಯಲಿ?

ಉತ್ತರ: ಇಸವಿ ಕೇಳಬೇಡಿ, ಘಟನೆ ಕೇಳಿ. “ನಿಮ್ಮ ಮದುವೆಗೆ ಅವರು ಬಂದಿದ್ದರೇ?”, “ನಿಮ್ಮ ಕೊನೆಯ ತಮ್ಮ ಹುಟ್ಟಿದಾಗ ಬದುಕಿದ್ದರೇ?” ಎಂದು ಕೇಳುತ್ತಾ ಹೋದರೆ ಎಷ್ಟೋ ಸಲ ಕಾಲ ಕೆಲವೇ ವರ್ಷಗಳ ಅಂತರಕ್ಕೆ ಇಳಿಯುತ್ತದೆ. ಸಿಕ್ಕಿದ್ದನ್ನು “1952ರಿಂದ 57ರ ನಡುವೆ” ಎಂದೇ ಬರೆಯಿರಿ. ಬರೀ 1955 ಎಂದು ಬರೆದಿಟ್ಟರೆ ಅದು ಅಂದಾಜು ಎಂಬುದು ಮರೆತುಹೋಗುತ್ತದೆ. ಮುಂದೆ ನಿಜವಾದ ದಾಖಲೆ ಸಿಕ್ಕರೂ “ಇಸವಿ ಹೊಂದುತ್ತಿಲ್ಲ” ಎಂದು ಬದಿಗಿಡುವಂತಾಗುತ್ತದೆ.

ಒಂದು ಸಲಕ್ಕೆ ಒಂದು ಗಂಟೆ ಸಾಕು. ದಣಿದವರು ನೀವು ಹೇಳಿದ್ದಕ್ಕೆಲ್ಲ ಹೌದು ಎನ್ನತೊಡಗುತ್ತಾರೆ. ಆದ್ದರಿಂದ ಪ್ರಶ್ನೆಯೊಳಗೇ ಉತ್ತರ ಇಡಬೇಡಿ. ಇಬ್ಬರು ಹಿರಿಯರಿದ್ದರೆ ಬೇರೆಬೇರೆಯಾಗಿ ಕೇಳಿ, ಇಬ್ಬರದನ್ನೂ ಧ್ವನಿಮುದ್ರಿಸಿಕೊಳ್ಳಿ.

ಪೂರ್ವಜರಿಗೆ ಕ್ರಮಸಂಖ್ಯೆ ಕೊಡಲು 1590ರಲ್ಲಿ ಆಸ್ಟ್ರಿಯಾದ ಇತಿಹಾಸಕಾರ ಮಿಖಾಯೆಲ್ ಐಟ್ಸಿಂಗರ್ ಬಳಸಿದ ಪದ್ಧತಿಯೇ ಇಂದಿಗೂ ಸೊಗಸಾದದ್ದು. ನೀವು 1, ತಂದೆ 2, ತಾಯಿ 3. ಯಾರದೇ ಸಂಖ್ಯೆಯನ್ನು ಇಮ್ಮಡಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. 11 ಎಂದರೆ ತಂದೆಯ ತಾಯಿಯ ತಾಯಿ. ಇದರಲ್ಲಿ ಹೆಣ್ಣುಮಕ್ಕಳ ಕಡೆಯ ಖಾಲಿ ಜಾಗಗಳೂ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಹುಡುಕಾಟದಲ್ಲಿ ಅತಿ ಹೆಚ್ಚು ಕಡೆಗಣಿಸಲಾಗುವುದು ಆ ಭಾಗವನ್ನೇ.

ಪ್ರಶ್ನೆ: ಅಂತರ್ಜಾಲದಲ್ಲಿ ನಮ್ಮ ವಂಶದ ಹನ್ನೆರಡು ತಲೆಮಾರು ಸಿಕ್ಕಿದೆ. ಮೂರು ಕಡೆಯೂ ಒಂದೇ ರೀತಿ ಇದೆ. ಸೇರಿಸಿಕೊಳ್ಳಬಹುದೇ?

ಉತ್ತರ: ಈಗಲೇ ಬೇಡ. ಮೂರೂ ಕಡೆ ಒಂದೇ ಇದ್ದರೆ ಒಬ್ಬರದನ್ನು ಇನ್ನಿಬ್ಬರು ನಕಲು ಮಾಡಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಸುಳಿವಾಗಿ ಇಟ್ಟುಕೊಳ್ಳಿ. “ಇವರು ಇವರ ಮಗ” ಎಂಬ ಪ್ರತಿಯೊಂದು ಕೊಂಡಿಗೂ ಅದರದೇ ಪುರಾವೆ ಬೇಕು. ನಾಲ್ಕನೆಯ ಕೊಂಡಿ ತಪ್ಪಿದರೆ ಅದರ ಮೇಲಿನವರೆಲ್ಲ ಬೇರೆಯವರ ಪೂರ್ವಜರು.

ಮೊದಲು ಲೆಕ್ಕ ಹಾಕಿ. ಒಂದು ತಲೆಮಾರಿಗೆ ಸಾಮಾನ್ಯವಾಗಿ 25ರಿಂದ 30 ವರ್ಷ. ತಂದೆ ಮಗನ ನಡುವೆ 60 ವರ್ಷ ಇದ್ದರೆ ನಡುವಿನ ಒಬ್ಬರು ಬಿಟ್ಟುಹೋಗಿದ್ದಾರೆಯೇ ಎಂದು ನೋಡಬೇಕು. ತಾಯಿಗೆ ಐವತ್ತೈದಾದಾಗ ಮಗು, ತಂದೆ ತೀರಿಕೊಂಡ ಎರಡು ವರ್ಷಕ್ಕೆ ಮಗು ಎಂದಿದ್ದರೆ ಇಬ್ಬರು ವ್ಯಕ್ತಿಗಳು ಒಬ್ಬರಾಗಿ ಬೆರೆತಿರುವ ಸಂಭವವಿದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆತನಗಳಲ್ಲಿ ಹೀಗಾಗುವುದು ಸುಲಭ. ಬಿಡಿಸುವ ದಾರಿ ಒಂದೇ: ಆ ಹೆಸರಿನ ದಾಖಲೆಗಳನ್ನೆಲ್ಲ ಇಸವಿಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಮುಂದೆ ಊರು, ಕಸುಬು, ಗಂಡ ಅಥವಾ ಹೆಂಡತಿಯ ಹೆಸರು, ಸಾಕ್ಷಿ ಹಾಕಿದವರು, ಸಹಿ ಎಲ್ಲವನ್ನೂ ಬರೆಯಿರಿ. ಹೆಸರು ಹೊಂದಿದರೆ ಸಾಲದು, ಸಾಕ್ಷಿಗಳೂ ನೆರೆಯವರೂ ಹೊಂದಬೇಕು.

ಅಧಿಕೃತ ದಾಖಲೆಯ ಎಲ್ಲ ಮಾತೂ ಒಂದೇ ತೂಕದ್ದಲ್ಲ. ಮರಣಪತ್ರದಲ್ಲಿ ಸಾವಿನ ದಿನಾಂಕವನ್ನು ನಂಬಬಹುದು. ಅದೇ ಹಾಳೆಯಲ್ಲಿರುವ ವಯಸ್ಸನ್ನು ಹೇಳಿದವರು ಮಗನೋ ಸೊಸೆಯೋ ಆಗಿರುತ್ತಾರೆ. ಆ ಹುಟ್ಟನ್ನು ಅವರು ಕಂಡವರಲ್ಲ.

ಪ್ರಶ್ನೆ: ದೂರದ ಸಂಬಂಧಿಯೊಬ್ಬರ ಡಿಎನ್‌ಎ ನನ್ನದರೊಂದಿಗೆ ಹೊಂದಲಿಲ್ಲ. ನಮ್ಮ ಸಂಬಂಧವೇ ಸುಳ್ಳೇ?

ಉತ್ತರ: ಎಷ್ಟು ದೂರದವರು ಎಂಬುದರ ಮೇಲಿದೆ. ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ ಆಗಿದ್ದರೆ ಸರಾಸರಿ ಶೇ. 12.5 ಡಿಎನ್‌ಎ ಹಂಚಿಕೆಯಾಗಿರುತ್ತದೆ. ಮುತ್ತಜ್ಜ ಮುತ್ತಜ್ಜಿ ಒಬ್ಬರೇ ಆಗಿದ್ದರೆ ಶೇ. 3ರಷ್ಟು. ಇಷ್ಟು ಹತ್ತಿರದವರಲ್ಲಿ ಏನೂ ಹೊಂದದಿದ್ದರೆ ಗಂಭೀರವಾಗಿ ಯೋಚಿಸಬೇಕು. ಇನ್ನೊಂದು ತಲೆಮಾರು ಹಿಂದೆ ಹೋದರೆ ಪಾಲು ಶೇ. 1ಕ್ಕೂ ಕಡಿಮೆ, ಅಂಥ ಸುಮಾರು ಹತ್ತು ಜೋಡಿಗಳಲ್ಲಿ ಒಂದಕ್ಕೆ ಪತ್ತೆಯಾಗುವಷ್ಟು ಹೊಂದಿಕೆಯೇ ಇರುವುದಿಲ್ಲ. ಮಕ್ಕಳಿಗೆ ತಂದೆಯಿಂದಲೂ ತಾಯಿಯಿಂದಲೂ ಅರ್ಧರ್ಧ ಮಾತ್ರ ಬರುತ್ತದೆ, ಯಾವ ಅರ್ಧ ಎಂಬುದು ಪ್ರತಿ ಮಗುವಿಗೂ ಬೇರೆ. ಆದ್ದರಿಂದ ಬದುಕಿರುವ ಅತ್ಯಂತ ಹಿರಿಯರನ್ನು ಮೊದಲು ಪರೀಕ್ಷೆಗೆ ಕೇಳಿಕೊಳ್ಳಿ. ಮನೆಯವರಿಗೆ ಗೊತ್ತಿಲ್ಲದ ಸಂಬಂಧ ಹೊರಬರಬಹುದು ಎಂಬುದನ್ನು ಮುಂಚೆಯೇ ಅವರಿಗೆ ತಿಳಿಸಬೇಕು.

ಪ್ರಶ್ನೆ: ಹಳೆಯ ಫೋಟೋಗಳಿಗೆ ಲ್ಯಾಮಿನೇಷನ್ ಮಾಡಿಸಲೇ?

ಉತ್ತರ: ಖಂಡಿತ ಬೇಡ. ಶಾಖದಿಂದ ಚಿತ್ರ ಕೆಡುತ್ತದೆ, ಮತ್ತೆ ಬಿಡಿಸಲೂ ಆಗದು. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಗುಣಮಟ್ಟ ಕುಗ್ಗಿಸದ ಟಿಫ್ (TIFF) ಕಡತವಾಗಿ ಉಳಿಸಿ, ಬೆನ್ನಿನ ಬರಹವನ್ನೂ ಬಿಡದೆ ಸ್ಕ್ಯಾನ್ ಮಾಡಿ. ಮೂಲ ಫೋಟೋವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿಡಿ. ಹೆಸರು ಬರೆಯುವುದಿದ್ದರೆ ಮೃದು ಪೆನ್ಸಿಲ್‌ನಿಂದ ಬೆನ್ನಿನ ಅಂಚಿನಲ್ಲಿ ಒತ್ತದೆ ಬರೆಯಿರಿ, ಬಾಲ್‌ಪೆನ್ನಿನ ಗೆರೆ ಮುಂದಿನ ಮುಖದವರೆಗೂ ಮೂಡುತ್ತದೆ.