ಬಾಗಲಕೋಟೆ ಜಿಲ್ಲೆಯ ಲೋಕಾಪುರ ಕಡೆಯ ಸುಣ್ಣದ ಕಲ್ಲಿನಲ್ಲಿ ಉಳ್ಳಾಗಡ್ಡಿ ಕೊಯ್ದಂಥ ಗೆರೆಗಳು ಇರುತ್ತವಲ್ಲ, ಅವು ಏನು?

ಎಲ್ಲಾ ಗೆರೆಯೂ ಒಂದೇ ಅಲ್ಲ. ಚಪ್ಪಟೆಯಾಗಿದ್ದರೆ ಬರೀ ಕೆಸರು ಕೂತ ಪದರ ಇರಬಹುದು. ಆದರೆ ಮೇಲಕ್ಕೆ ಉಬ್ಬಿ, ಒಂದರ ಮೇಲೊಂದು ಕವುಚಿಟ್ಟ ಬಟ್ಟಲಿನ ಹಾಗಿದ್ದರೆ ಅದು ಬಹುಶಃ ಸ್ಟ್ರೊಮಾಟೊಲೈಟ್, ಅಂದರೆ ಸೂಕ್ಷ್ಮಜೀವಿಗಳು ಕಟ್ಟಿದ ಕಲ್ಲು. ಗೋಳಗುಮ್ಮಟಕ್ಕಿಂತ ಹಳೇ ಗುಮ್ಮಟ ಅನ್ನಿ!

ಲೋಕಾಪುರ, ಕಲಾದಗಿ ಸುತ್ತಲಿನ ಈ ಬಂಡೆಗಳು 100 ಕೋಟಿ ವರ್ಷಕ್ಕೂ ಹಳೆಯವು. ಆಗ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಸಯನೋಬ್ಯಾಕ್ಟೀರಿಯಾಗಳು (ಗಿಡಗಳ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು) ಲೋಳೆಯಂಥ ಚಾಪೆ ಹಾಸಿಕೊಂಡು ಬದುಕುತ್ತಿದ್ದವು, ಅದಕ್ಕೆ ಸಣ್ಣ ಕೆಸರು ಅಂಟಿ ಬಿಸಿಲು ಮರೆಯಾದರೆ ಅವು ಮೇಲಕ್ಕೆ ಸರಿದು ಹೊಸ ಚಾಪೆ ಹಾಸುತ್ತಿದ್ದವು, ಹೀಗೇ ಪದರದ ಮೇಲೆ ಪದರ.

ಹಾಗಂತ ಇವೇ ಮೊದಲ ಜೀವಿಗಳಲ್ಲ. ಭೂಮಿಗೆ ಸುಮಾರು 454 ಕೋಟಿ ವರ್ಷ. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯ ಸ್ಟ್ರೊಮಾಟೊಲೈಟ್ ಸಿಕ್ಕಿವೆ. ಅವುಗಳ ಮುಂದೆ ನಮ್ಮವು ಮೊಮ್ಮಕ್ಕಳು, ಅಲ್ವಾ? ಗಾಳಿಗೆ ಆಮ್ಲಜನಕ ಸೇರಿಸಿದ್ದೂ ಈ ಸಯನೋಬ್ಯಾಕ್ಟೀರಿಯಾಗಳೇ. ಸುಮಾರು 240 ಕೋಟಿ ವರ್ಷದ ಹಿಂದೆ ಅದು ಜಾಸ್ತಿಯಾಗತೊಡಗಿತು.

ಅಂದಹಾಗೆ, ಸೀಳಿದ ಕಲ್ಲು ಕಂಡರೆ ಸ್ವಲ್ಪ ನೀರು ಚಿಮುಕಿಸಿ ನೋಡಿ, ಗೆರೆ ಸ್ಪಷ್ಟವಾಗಿ ಕಾಣುತ್ತವೆ.