ಹೊಂಡದ ತಳದ ಕೆಸರು ನೋಡಿದ್ರಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆ ಹಿಂದೆ 2 ಗುಂಟೆ ಹೊಂಡ ಇದೆ ಸರ್, ಕಾಟ್ಲಾ, ರೋಹು ಬಿಟ್ಟಿದೀವಿ. ವಾರವಾರ ಸಗಣಿ ಕದಡಿ ಹಾಕಿದ್ರೂ ನೀರು ಹಸಿರಾಗ್ತಿಲ್ಲ, ತಳ ಕಾಣೋಷ್ಟು ತಿಳಿ. ಮೀನೂ ಬೆಳೀತಿಲ್ಲ. ಸಗಣಿ ಜಾಸ್ತಿ ಮಾಡೋದಾ?
(ಓದುಗರು, ತೀರ್ಥಹಳ್ಳಿ ಕಡೆ)

ಉತ್ತರ: ಬೇಡ, ಮೊದ್ಲು ಮಣ್ಣು ನೋಡಿ. ನಿಮ್ಮ ಕಡೆ ಜಂಬಿಟ್ಟಿಗೆ ಮಣ್ಣು, ಹುಳಿ ಜಾಸ್ತಿ, ಅದ್ರಲ್ಲಿರೋ ಕಬ್ಬಿಣ, ಅಲ್ಯೂಮಿನಿಯಂ ಸೇರ್ಕೊಂಡು ಸಗಣಿಯಲ್ಲಿ ಬಂದ ರಂಜಕನ ತಳದಲ್ಲೇ ಹಿಡಿದಿಟ್ಕೊಂಡು ಬಿಡುತ್ತೆ, ನೀರಿಗೆ ಬಿಡೋದೇ ಇಲ್ಲ. ರಂಜಕ ಸಿಗದೆ ನೀರಲ್ಲಿ ಸೂಕ್ಷ್ಮ ಪಾಚಿ ಹುಟ್ಟಲ್ಲ, ಪಾಚಿ ಇಲ್ದೆ ಅದನ್ನ ತಿನ್ನೋ ಸಣ್ಣ ಹುಳ ಇಲ್ಲ, ಇವೆರಡೂ ಇಲ್ದಿದ್ರೆ ಕಾಟ್ಲಾ ಏನು ತಿನ್ಬೇಕು ಹೇಳಿ. ತಳದ ಮಣ್ಣನ್ನ ನಾಲ್ಕೈದು ಕಡೆಯಿಂದ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ರೆ ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಎಷ್ಟಿದೆ ಅಂತ ಹೇಳ್ತಾರೆ. 6ಕ್ಕಿಂತ ಕಮ್ಮಿ ಬಂದ್ರೆ ಹುಳಿ ಇಳಿಸೋಕೆ ಸುಣ್ಣ ಬೇಕೇ ಬೇಕು. ಗುಂಟೆಗೆ 10 ಕೆಜಿ ಕೃಷಿ ಸುಣ್ಣದಿಂದ (ಸುಡದ ಸುಣ್ಣಕಲ್ಲಿನ ಪುಡಿ) ಶುರು ಮಾಡಿ, ಅದೂ ಒಂದೇ ದಿನ ಅಲ್ಲ, ಎರಡು ಮೂರು ಸಲ ಮಾಡಿ ಎರಚಿ. ಮೀನಿರೋ ಹೊಂಡಕ್ಕೆ ಸುಟ್ಟ ಸುಣ್ಣ ಮಾತ್ರ ಸುರೀಬೇಡಿ, ಪಿಎಚ್ ದಿಢೀರ್ ಏರಿ ಮೀನೇ ಹೋಗುತ್ತೆ. ಸುಣ್ಣ ಹಾಕಿ ಹತ್ತು ಹದಿನೈದು ದಿನ ಬಿಟ್ಟು ಸಗಣಿ ಮತ್ತೆ ಶುರು ಮಾಡಿ. ಪುಸ್ತಕಗಳಲ್ಲಿ ಎಲ್ಲಾ ಲೆಕ್ಕ ಹೆಕ್ಟೇರಿಗೆ ಇರುತ್ತಲ್ಲ, 100ರಿಂದ ಭಾಗಿಸಿ, ಹೆಚ್ಚುಕಮ್ಮಿ ಗುಂಟೆ ಲೆಕ್ಕ ಸಿಗುತ್ತೆ. ಮರಿಗಳೂ ಅಷ್ಟೇ, ಹೆಕ್ಟೇರಿಗೆ 5000 ಅಂದ್ರೆ ನಿಮ್ಮ ಹೊಂಡಕ್ಕೆ 100 ಸಾಕು. ಎಷ್ಟು ಬಿಟ್ಟಿದೀರ ಅಂತ ಬರೆದಿಲ್ಲ, ಇದರ ಮೂರು ಪಟ್ಟು ಬಿಟ್ಟಿದ್ರೆ ಸುಣ್ಣ ಹಾಕಿನೂ ಪ್ರಯೋಜನ ಇಲ್ಲ.

ಪ್ರಶ್ನೆ: ನಮ್ದು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ತಳದಲ್ಲಿ ಎರಡು ಬೆರಳು ಕೆಸರು ಕೂತಿದೆ. ಮಾವನವರು ಎಲ್ಲಾ ಬಳಿದು ತೆಗೀರಿ ಅಂತಾರೆ, ನಮ್ಮ ಯಜಮಾನ್ರು ಇರ್ಲಿ ಬಿಡು ಅಂತಾರೆ. ಯಾರ ಮಾತು ಕೇಳ್ಲಿ?
(ಗೃಹಿಣಿ, ಚಳ್ಳಕೆರೆ ತಾಲ್ಲೂಕು)

ಉತ್ತರ: ಸದ್ಯಕ್ಕೆ ಯಜಮಾನ್ರದ್ದೇ ಸರಿ ಅಮ್ಮ, ಆದ್ರೆ ಅರ್ಧ ಮಾತ್ರ. ಪ್ಲಾಸ್ಟಿಕ್ ಇರೋದ್ರಿಂದ ಭೂಮಿಯ ಸತ್ವ ನೀರಿಗೆ ಬರಲ್ಲ, ಆ ಕೂತಿರೋದು ಗಾಳಿಗೆ ಬಂದ ಧೂಳು, ಸತ್ತ ಪಾಚಿ, ಮೀನಿನ ಹಿಕ್ಕೆ, ತಿನ್ನದೆ ಉಳಿದ ತೌಡು ಹಿಂಡಿ. ನಾವು ಹಾಕೋ ತಿಂಡಿಯ ಸಾರಜನಕದಲ್ಲಿ ಮೀನಿನ ಮೈಗೆ ಸೇರೋದು ಸುಮಾರು ಕಾಲು ಭಾಗ ಅಷ್ಟೇ, ಮಿಕ್ಕಿದ್ದರಲ್ಲಿ ತುಂಬಾನೇ ಅಲ್ಲಿ ಬಿದ್ದಿರುತ್ತೆ, ದುಡ್ಡು ಕೊಟ್ಟು ತಂದಿದ್ದು ಅದು. ಸಾಮಾನ್ಯ ಗೆಂಡೆ, ಮೃಗಾಲ್ ಇದ್ರೆ ತಳ ಕೆದಕಿ ತಿಂತಾವೆ, ಕೆದಕಿದಾಗ ಸ್ವಲ್ಪ ಸತ್ವ ಮತ್ತೆ ನೀರಿಗೂ ಬರುತ್ತೆ.

ಆದ್ರೆ ಒಂದು ಗಳ ತಗೊಂಡು ತಳಕ್ಕೆ ಒತ್ತದೆ ಮೆಲ್ಲಗೆ ತಾಗಿಸಿ, ಸ್ವಲ್ಪ ಕೆಸರು ಎತ್ತಿ ನೋಡಿ. ಮೇಲಿನ ತೆಳು ಪದರ ಕಂದು ಬಣ್ಣ ಇದ್ದು ಒಳಗೆ ಕಪ್ಪಿದ್ರೆ ಚಿಂತೆ ಇಲ್ಲ. ಮೇಲಿಂದಲೇ ಕಪ್ಪು, ಕೊಳೆತ ಮೊಟ್ಟೆ ವಾಸನೆ ಬಂತಾ, ಆಗ ಮಾವನವರು ಗೆದ್ರು, ಯಾಕಂದ್ರೆ ತಳದಲ್ಲಿ ಆಮ್ಲಜನಕ ಮುಗಿದು ಅಮೋನಿಯಾ, ಗಂಧಕದ ವಿಷ ಗಾಳಿ ಏಳ್ತಿದೆ ಅಂತ ಅರ್ಥ. ಗುದ್ದಲಿ ಇಳಿಸ್ಬೇಡಿ, ಶೀಟ್ ಹರಿಯುತ್ತೆ. ಬೆಳೆಗೆ ನೀರು ಬಿಡುವಾಗ ಪಂಪಿನ ಪೈಪ್ ತುದಿಯ ಫುಟ್‌ವಾಲ್ವ್‌ಗೆ ಬಲೆ ಸುತ್ತಿ ತಳದ ನೀರನ್ನೇ ಎಳೀರಿ, ತೆಂಗಿನ ಪಾತಿಗೆ ಬಿಡಿ. ಡ್ರಿಪ್‌ಗೆ ಕೊಟ್ರೆ ಫಿಲ್ಟರ್ ಕಟ್ಕೊಂಡು ಇಡೀ ದಿನ ಅದನ್ನ ತೊಳೀತಾ ಕೂರ್ಬೇಕಾಗುತ್ತೆ!

ಪ್ರಶ್ನೆ: ನಮ್ಮ ಹೊಂಡದಾಗ ನೀರು ದಟ್ಟ ಹಸರ ಆಗೈತ್ರಿ. ಮೋಡ ಇದ್ದ ದಿನ ಮುಂಜಾನೆ ಮೀನೆಲ್ಲಾ ಮ್ಯಾಲ ಬಂದು ಬಾಯಿ ತಗೀತಾವ. ಅಂಗಡಿಯವ್ರು ಸೂಪರ್ ಫಾಸ್ಫೇಟ್ ಹಾಕ್ರಿ, ಛಲೋ ಆಕ್ಕಾವ ಅಂದ್ರು. ಹಾಕ್ಲೇನ್ರಿ?
(ರೈತರು, ರಾಣೆಬೆನ್ನೂರ ತಾಲೂಕ)

ಉತ್ತರ: ದಯವಿಟ್ಟು ಹಾಕ್ಬೇಡ್ರಿ, ಅದು ರಂಜಕದ ಗೊಬ್ಬರ, ಪಾಚಿ ಇನ್ನೂ ಹೆಚ್ಚಾಗುತ್ತೆ. ಮೀನು ಹಸಿದು ಬಾಯಿ ತೆಗೀತಿಲ್ಲ, ಉಸಿರಿಗೆ ತೆಗೀತಿದಾವೆ. ಹಗಲು ಆಮ್ಲಜನಕ ಕೊಡೋ ಪಾಚಿ ರಾತ್ರಿ ತಾನೇ ಅದನ್ನ ಬಳಸುತ್ತೆ, ತಳದಲ್ಲಿ ಕೊಳೀತಿರೋದೂ ಬಳಸುತ್ತೆ, ಬಿಸಿಲಿಲ್ಲದ ದಿನ ಸರಿಯಾಗಿ ತುಂಬ್ಕೊಂಡೇ ಇರಲ್ಲ, ಹಂಗಾಗಿ ಬೆಳಗಿನ ಜಾವಕ್ಕೆ ಖಾಲಿ. ಇವತ್ತೇ ತಿಂಡಿ, ಸಗಣಿ ಎರಡೂ ನಿಲ್ಸಿ, ಬೋರ್ ನೀರನ್ನ ಮೇಲಿಂದ ತುಂತುರಾಗಿ ಬೀಳೋ ಹಂಗೆ ಬಿಡಿ. ಆಮೇಲೆ ಬಿಸಿಲಿರುವಾಗ ಮೊಣಕೈವರೆಗೂ ಕೈ ನೀರೊಳಗೆ ಇಳಿಸಿ ನೋಡಿ. ಅಂಗೈ ಮಸುಕಾಗಿ ಕಂಡೂ ಕಾಣದಂಗಿದ್ರೆ ಹದ, ಮಣಿಕಟ್ಟು ಮುಳುಗೋಷ್ಟರಲ್ಲೇ ಕಾಣೆ ಆದ್ರೆ ಗೊಬ್ಬರ ಬಂದ್. ನೀರು ತೀರಾ ತಿಳಿ ಇದ್ದಾಗ ಮಾತ್ರ ಫಾಸ್ಫೇಟು, ಅದನ್ನೂ ರಾತ್ರಿ ನೆನೆಸಿ ಮೇಲೆ ಚಿಮುಕಿಸ್ಬೇಕು, ಹಂಗೇ ಸುರಿದ್ರೆ ತಳಕ್ಕೆ ಇಳಿದು ನಿಮ್ಮ ಎರೆಮಣ್ಣಿನ ಸುಣ್ಣಕ್ಕೆ ಅಂಟ್ಕೊಳುತ್ತೆ.

ಪ್ರಶ್ನೆ: ಬೇಸಿಗೆಯಲ್ಲಿ ಬತ್ತಿದ ಹೊಂಡದ ಗೋಡು ಅಡಿಕೆಗೆ ಹಾಕ್ಬಹುದಾ?
(ಓದುಗರು, ಪುತ್ತೂರು)

ಉತ್ತರ: ಧಾರಾಳವಾಗಿ. ಬಿರುಕು ಬಿಡೋವರೆಗೂ ಒಣಗಿಸಿ ಹಾಕಿ. ಪೂರ್ತಿ ಕೆರೆದು ಗಟ್ಟಿ ನೆಲ ಕಾಣಿಸ್ಬೇಡಿ, ನಾಲ್ಕು ಬೆರಳು ಬಿಡಿ, ಇಲ್ದಿದ್ರೆ ಮುಂದಿನ ಮಳೆಗೆ ನೀರಿಗೆ ಸತ್ವ ಬರೋದು ತಡ ಆಗುತ್ತೆ.

ಪ್ರಶ್ನೆ: ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡ್ತೀನಿ, ಎಂಥಾ ಕೆಟ್ಟ ಕೆಸರಲ್ಲೂ ಬದುಕುತ್ತೆ ಅಂತ ಒಬ್ರು ದುಂಬಾಲು ಬಿದ್ದಿದಾರೆ. ತಗೊಳ್ಳೋಣ್ವಾ?
(ಓದುಗರು, ಮಂಡ್ಯ)

ಉತ್ತರ: ಬದುಕುತ್ತೆ, ಅದೇ ತೊಂದ್ರೆ. ನೇರ ಗಾಳಿ ಕುಡಿಯೋ ಮೀನು, ಮಳೆಗೆ ಹೊಂಡ ತುಂಬಿದ್ರೆ ಹಳ್ಳ ಸೇರಿ ಅಲ್ಲಿರೋ ಊರ ಮೀನನ್ನೆಲ್ಲ ತಿಂದು ಹಾಕುತ್ತೆ. ನಮ್ಮ ದೇಶದಲ್ಲಿ ಸಾಕೋದು ನಿಷೇಧ. ಮರಿ ಬೇಕಂದ್ರೆ ಮೀನುಗಾರಿಕೆ ಇಲಾಖೆ ಫಾರಂಗೆ ಹೋಗಿ ಕಾಟ್ಲಾ, ರೋಹು, ಗೆಂಡೆ ತನ್ನಿ.